ಏಷ್ಯಾದ 20 ವರ್ಷದೊಳಗಿನವರ ಫುಟ್ಸಾಲ್ ಪಂದ್ಯಗಳಲ್ಲಿ ಚೆಂಡು ಯಾಕೆ ಪುಟಿಯುವುದೇ ಇಲ್ಲ?

ಫುಟ್ಸಾಲ್ ಅಂದರೆ ಸಣ್ಣ ಅಂಕಣದಲ್ಲಿ, ಹೆಚ್ಚಾಗಿ ಹಾಲ್ ಒಳಗೆ ಆಡುವ ಫುಟ್‌ಬಾಲ್. ಅದರ ಚೆಂಡನ್ನು ಮಾಡುವುದೇ ಕಡಿಮೆ ಪುಟಿಯುವ ಹಾಗೆ. ನಾವು ಮೈದಾನದಲ್ಲಿ ಆಡುವುದು ಸೈಜ್ 5, ಇದು ಸೈಜ್ 4. ಗಾತ್ರ ಚಿಕ್ಕದಾದರೂ ತೂಕ ಹೆಚ್ಚುಕಮ್ಮಿ ಅಷ್ಟೇ. 2 ಮೀಟರ್ ಎತ್ತರದಿಂದ ಬಿಟ್ಟರೆ ಮೊದಲ ಸಲ 50ರಿಂದ 65 ಸೆಂಟಿಮೀಟರ್ ಮಾತ್ರ ಮೇಲೇಳಬೇಕು ಅನ್ನುವುದು ನಿಯಮ.

ಕಾರಣ ಅಂಕಣ. ಗಟ್ಟಿ ನೆಲ, ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ, ತಂಡಕ್ಕೆ ಐದೇ ಜನ. ಅಲ್ಲಿ ಮಾಮೂಲಿ ಫುಟ್‌ಬಾಲ್ ಹಾಕಿದರೆ ಸುಮ್ನೆ ಹಾರುತ್ತಲೇ ಇರುತ್ತದೆ. ಚೆಂಡು ನೆಲಕ್ಕಂಟಿ ಓಡಿದರೆ ಅಂಗಾಲಿನಲ್ಲಿ ಒತ್ತಿ ನಿಲ್ಲಿಸಬಹುದು, ಇಕ್ಕಟ್ಟಿನಲ್ಲೂ ಪಾಸ್ ಕೊಡಬಹುದು. ಚೆಂಡು ನೆಲದ ಮೇಲೇ ಓಡುವ ಹಾಕಿ ಆಟ ನೋಡಿಕೊಂಡೇ ಬೆಳೆಯುವ ನಮ್ಮ ಕೊಡಗಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ದೊಡ್ಡ ಮೈದಾನ ಬೇಡ, ಒಂದು ಹಾಲ್ ಸಾಕು. ಹಾಗಾಗಿ ಫುಟ್‌ಬಾಲ್‌ನಲ್ಲಿ ಅಷ್ಟು ಹೆಸರಿಲ್ಲದ ದೇಶಗಳೂ ಇಲ್ಲಿ ಮೇಲೆ ಬರುತ್ತವೆ ಅನ್ನುವುದು ನನ್ನ ಲೆಕ್ಕ. ಏಷ್ಯಾದ ಈ 20 ವರ್ಷದೊಳಗಿನವರ ಟೂರ್ನಿಯನ್ನು 2017ರಲ್ಲಿ ಬ್ಯಾಂಕಾಕ್‌ನಲ್ಲಿ ಇರಾನ್ ಗೆದ್ದಿತು. 2019ರಲ್ಲಿ ಇರಾನ್‌ನ ತಬ್ರೀಜ್‌ನಲ್ಲಿ ಜಪಾನ್ ಗೆದ್ದಿತು, ಆದರೆ ಫೈನಲ್‌ನಲ್ಲಿ ಎದುರಿಗಿದ್ದದ್ದು ಅಫ್ಘಾನಿಸ್ತಾನ!

ಮಡಿಕೇರಿ ಕಡೆ ಬಲೆ ಕಟ್ಟಿದ ಟರ್ಫ್‌ನಲ್ಲಿ ಐದೈದು ಜನ ಆಡುವುದನ್ನೂ ಕೆಲವರು ಫುಟ್ಸಾಲ್ ಅನ್ನುತ್ತಾರೆ. ಚೆಂಡು ಬಲೆಗೆ ಬಡಿದು ವಾಪಸ್ ಬಂದರೂ ಆಟ ನಡೆಯುತ್ತದೆ ಅಂದರೆ ಅದು ಫುಟ್ಸಾಲ್ ಅಲ್ಲ. ಫುಟ್ಸಾಲ್‌ನಲ್ಲಿ ಗೆರೆ ದಾಟಿದರೆ ಚೆಂಡು ಹೊರಗೆ. ಪಕ್ಕದ ಗೆರೆಯಿಂದ ಕಾಲಲ್ಲೇ ಒಳಗೆ ಹಾಕಬೇಕು, ಅದೂ 4 ಸೆಕೆಂಡಿನೊಳಗೆ.