ನೀವು ಕೇಳಿದ್ದೀರಿ: ಥಂಡರ್‌ಬರ್ಡ್ಸ್ ಗೊಂಬೆಗಳೂ ಅವರ ಕಾಮಿಕ್ಸ್ ನಂಟೂ

ಪ್ರಶ್ನೆ: ಹಳೇ ‘ಥಂಡರ್‌ಬರ್ಡ್ಸ್’ ಗೊಂಬೆ ಸೀರಿಯಲ್ (ರಾಕೆಟ್, ವಿಮಾನಗಳಲ್ಲಿ ಹೋಗಿ ಜನರನ್ನು ಕಾಪಾಡುವವರ ಕಥೆ) ಯೂಟ್ಯೂಬಿನಲ್ಲಿ ನೋಡಿದೆ. ಗೊಂಬೆಗಳ ತಲೆ ಮೈಗಿಂತ ಯಾಕೆ ಅಷ್ಟು ದೊಡ್ಡದು? ಅದೇ ತಂಡದ ‘ಕ್ಯಾಪ್ಟನ್ ಸ್ಕಾರ್ಲೆಟ್’ನಲ್ಲಿ ಸರಿಯಾಗೇ ಇದೆಯಲ್ಲ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ತಲೆಯೊಳಗೆ ಯಂತ್ರ ಇತ್ತು, ಅದಕ್ಕೆ. ಇಂಗ್ಲೆಂಡಿನ ಸ್ಲೌನಲ್ಲಿದ್ದ ಸ್ಟುಡಿಯೋದಲ್ಲಿ ಜೆರ್ರಿ ಆಂಡರ್ಸನ್, ಸಿಲ್ವಿಯಾ ಆಂಡರ್ಸನ್ ಅವರ ತಂಡ ಮಾತನ್ನೆಲ್ಲ ಮೊದಲೇ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಆ ಧ್ವನಿಯ ಸಿಗ್ನಲ್ಲು ಗೊಂಬೆಯನ್ನು ಎತ್ತಿ ಹಿಡಿದ ಸಣ್ಣ ತಂತಿಯಲ್ಲೇ ಇಳಿದು ಬಂದು, ತಲೆಯೊಳಗಿನ ಸೊಲೆನಾಯ್ಡ್ (ಕರೆಂಟು ಬಂದಾಗ ಎಳೆಯುವ ತಂತಿಸುರುಳಿ) ಅನ್ನು ಎಳೆದು, ಮಾತಿಗೆ ಸರಿಯಾಗಿ ತುಟಿ ಆಡಿಸುತ್ತಿತ್ತು. ಗೊಂಬೆಯ ಎತ್ತರವೇ ಸುಮಾರು 22 ಇಂಚು. ಇಷ್ಟೆಲ್ಲ ಹಿಡಿಸಬೇಕು ಅಂದರೆ ತಲೆ ದಪ್ಪ ಆಗಲೇಬೇಕು. 1967ರಲ್ಲಿ ‘ಸ್ಕಾರ್ಲೆಟ್’ ಬರುವ ಹೊತ್ತಿಗೆ ಆ ಯಂತ್ರವನ್ನು ಎದೆಗೆ ಇಳಿಸಿದ್ದರು, ತಲೆ ಮನುಷ್ಯರ ಅಳತೆಗೆ ಬಂತು. ನನ್ನನ್ನು ಕೇಳಿದರೆ ಹಳೇದೇ ಚೆಂದ. ಥಂಡರ್‌ಬರ್ಡ್ಸ್‌ನ ಡ್ರೈವರ್ ಪಾರ್ಕರ್‌ನ ಮುಖ ನೋಡಿದರೆ ನಗು ಬರುತ್ತದೆ, ಸ್ಕಾರ್ಲೆಟ್ ಮಾತ್ರ ಬಟ್ಟೆ ಅಂಗಡಿ ಮುಂದೆ ನಿಲ್ಲಿಸಿದ ಬೊಂಬೆ ತರ ಇದ್ದಾನೆ.

ನಡಿಗೆಯ ಸಮಸ್ಯೆ ಮಾತ್ರ ಬಗೆಹರಿಯಲೇ ಇಲ್ಲ. ಮೇಲಿಂದ ಎತ್ತಿ ಹಿಡಿದ ಗೊಂಬೆಯ ಕಾಲು ನೆಲಕ್ಕೆ ಊರುವುದಿಲ್ಲ, ತೇಲುತ್ತದೆ. ಹಾಗಾಗಿ ಎಲ್ಲರೂ ಜಾಸ್ತಿ ಹೊತ್ತು ಕೂತೇ ಇರುತ್ತಾರೆ. ಪೈಲಟ್ ವರ್ಜಿಲ್ ತನ್ನ ವಿಮಾನ ಥಂಡರ್‌ಬರ್ಡ್ 2 ಹತ್ತುವ ರೀತಿ ಗಮನಿಸಿ. ಗೋಡೆಯ ಮೇಲಿನ ರಾಕೆಟ್ ಚಿತ್ರಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾನೆ, ಚಿತ್ರ ಅವನನ್ನೇ ಹೊತ್ತು ಮಗುಚುತ್ತದೆ, ತಲೆ ಮುಂದಾಗಿ ಒಂದು ಜಾರುಬಂಡೆಯಲ್ಲಿ ಹೋಗುತ್ತಾನೆ, ಮಧ್ಯೆ ಅವನನ್ನು ತಿರುಗಿಸಿ ಕಾಲು ಮುಂದೆ ಮಾಡಲಾಗುತ್ತದೆ, ಕೊನೆಗೆ ಸೀದಾ ಪೈಲಟ್ ಸೀಟಿಗೆ. ಮಕ್ಕಳಿಗೆ ಅದು ಮಜಾ, ತಂಡಕ್ಕೆ ನಡೆಸುವ ತಾಪತ್ರಯ ತಪ್ಪಿತು. ಇನ್ನು ಬಟನ್ ಒತ್ತುವ ಕ್ಲೋಸಪ್‌ನಲ್ಲಿ ಕಾಣುವುದು ನಿಜವಾದ ಮನುಷ್ಯರ ಕೈ.

ಪ್ರಶ್ನೆ: ‘ಸ್ಟಿಂಗ್‌ರೇ’, ‘ಫೈರ್‌ಬಾಲ್ ಎಕ್ಸ್ಎಲ್5’, ‘ಥಂಡರ್‌ಬರ್ಡ್ಸ್’ ಎಲ್ಲ ಆಂಡರ್ಸನ್ ತಂಡದ ಗೊಂಬೆ ಸೀರಿಯಲ್‌ಗಳೇ, ಆದರೆ ಒಂದೇ ಲೋಕದ ಕಥೆಗಳಾ? ಟಿವಿಯಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರು ಎತ್ತುವುದೇ ಇಲ್ಲ. (ಓದುಗರೊಬ್ಬರು, ಮೈಸೂರು)

ಉತ್ತರ: ಟಿವಿ ನೋಡಿದವರಿಗೆ ಬೇರೆ ಬೇರೆ, ಕಾಮಿಕ್ಸ್ ಓದಿದವರಿಗೆ ಒಂದೇ. ಈ ಸಂಬಂಧ ಕಟ್ಟಿದ್ದು 1965ರ ಜನವರಿಯಲ್ಲಿ ಬ್ರಿಟನ್‌ನಲ್ಲಿ ಶುರುವಾದ ‘ಟಿವಿ ಸೆಂಚುರಿ 21’ ಅನ್ನುವ ವಾರಪತ್ರಿಕೆ. ಅದರ ಉಪಾಯ ಸರಳ. ಪತ್ರಿಕೆಯ ತಾರೀಖನ್ನೇ ನೂರು ವರ್ಷ ಮುಂದಕ್ಕೆ ಹಾಕಿದರು. ಮೊದಲ ಸಂಚಿಕೆಯ ಮೇಲೆ 23 ಜನವರಿ 2065 ಅಂತ ಇದೆ. ಮುಖಪುಟ ಥೇಟ್ ದಿನಪತ್ರಿಕೆ: ದಪ್ಪ ಹೆಡ್‌ಲೈನು, ಗೊಂಬೆಗಳ ಫೋಟೋ, ಒಳಗಿನ ಚಿತ್ರಕಥೆಯಲ್ಲಿ ನಡೆದದ್ದೇ ಹೊರಗೆ ತಾಜಾ ಸುದ್ದಿ. ಒಂದು ಕಡೆ ಸಮುದ್ರದಡಿಯ ಸ್ಟಿಂಗ್‌ರೇ, ಇನ್ನೊಂದು ಕಡೆ ಬಾಹ್ಯಾಕಾಶದ ಫೈರ್‌ಬಾಲ್, ಆದರೆ ಇಬ್ಬರ ಮೇಲೂ ಇರುವುದು ಒಂದೇ ವಿಶ್ವ ಸರ್ಕಾರ. ಬೆರೆಜ್ನಿಕ್ ಅನ್ನುವ ಶತ್ರುದೇಶ ಆ ಕಥೆಯಲ್ಲೂ ಬರುತ್ತದೆ, ಈ ಕಥೆಯಲ್ಲೂ ಬರುತ್ತದೆ. ಹೀರೋಗಳು ಕೈಕುಲುಕಲೇಬೇಕು ಅಂತೇನಿಲ್ಲ, ಒಂದೇ ಪೇಪರ್‌ನಲ್ಲಿ ಇಬ್ಬರ ಸುದ್ದಿ ಬಂದರೆ ಸಾಕಲ್ವಾ!

ಇದರ ಹಿಂದೆ ವ್ಯಾಪಾರವೂ ಇತ್ತು. ಥಂಡರ್‌ಬರ್ಡ್ಸ್ ಟಿವಿಗೆ ಬಂದದ್ದು 1965ರ ಸೆಪ್ಟೆಂಬರ್ ಕೊನೆಗೆ. ಅದರ ಗೂಢಚಾರಿಣಿ ಲೇಡಿ ಪೆನೆಲೊಪಿ ಮತ್ತು ಅವಳ ಡ್ರೈವರ್ ಪಾರ್ಕರ್ ಅದಕ್ಕೂ ಮುಂಚೆ, ಜನವರಿಯಿಂದಲೇ ಪತ್ರಿಕೆಯಲ್ಲಿ ಇದ್ದರು. ಸೀರಿಯಲ್ ಶುರುವಾಗುವಾಗ ಓದುಗರಿಗೆ ಅವರು ಹಳೇ ಪರಿಚಯ. ಇನ್ನೊಂದು ತಮಾಷೆ ಏನಂದರೆ, ಎದುರಾಳಿ ಬಿಬಿಸಿಯ ‘ಡಾಕ್ಟರ್ ಹೂ’ದ ರೋಬೋಟಿನಂಥ ಖಳರಾದ ಡಾಲೆಕ್‌ಗಳಿಗೂ ಇದೇ ಪತ್ರಿಕೆಯ ಹಿಂಬದಿ ಪುಟದಲ್ಲಿ ಬಣ್ಣದ ಜಾಗ ಸಿಕ್ಕಿತ್ತು.

ತೆರೆಯ ಮೇಲೂ ಒಂದು ಗಟ್ಟಿ ಕೊಂಡಿ ಇದೆ. 1966ರ ‘ಥಂಡರ್‌ಬರ್ಡ್ಸ್ ಆರ್ ಗೋ’ ಸಿನಿಮಾದಲ್ಲಿ ಮಂಗಳ ಗ್ರಹಕ್ಕೆ ಹೋಗುವ ನೌಕೆ ಝೀರೋ-ಎಕ್ಸ್. ಮುಂದಿನ ವರ್ಷ ಅದಕ್ಕೆ ಪತ್ರಿಕೆಯಲ್ಲಿ ತನ್ನದೇ ಚಿತ್ರಕಥೆ ಸಿಕ್ಕಿತು. ಆಮೇಲೆ ಅದರ ಮಂಗಳವಾಹನವೇ ‘ಕ್ಯಾಪ್ಟನ್ ಸ್ಕಾರ್ಲೆಟ್’ ಮೊದಲ ಕಂತಿನಲ್ಲಿ ಬರುತ್ತದೆ. ಒಳಗಿದ್ದ ಕ್ಯಾಪ್ಟನ್ ಬ್ಲ್ಯಾಕ್ ಆ ಗ್ರಹದವರ ಉಪಕರಣವೊಂದನ್ನು ಆಯುಧ ಅಂದುಕೊಂಡು ಗುಂಡು ಹಾರಿಸಲು ಹೇಳುತ್ತಾನೆ, ಇಡೀ ಸರಣಿಯ ಯುದ್ಧ ಶುರುವಾಗುವುದು ಅಲ್ಲಿಂದ.

ಚಿತ್ರಗಳ ವಿಷಯಕ್ಕೆ ಬಂದರೆ, 1966ರಿಂದ ಪತ್ರಿಕೆಯಲ್ಲಿ ಥಂಡರ್‌ಬರ್ಡ್ಸ್ ಚಿತ್ರಕಥೆ ಬರೆದ ಚಿತ್ರಕಾರ ಫ್ರಾಂಕ್ ಬೆಲ್ಲಮಿಯ ನಡುಪುಟಗಳನ್ನು ಹುಡುಕಿ ನೋಡಿ. ಟಿವಿಯಲ್ಲಿ ಹೆಜ್ಜೆ ಇಡಲು ಒದ್ದಾಡುವ ಪೈಲಟ್‌ಗಳು ಸ್ಕಾಟ್, ವರ್ಜಿಲ್ ಇಲ್ಲಿ ಓಡುತ್ತಾರೆ, ನೆಗೆಯುತ್ತಾರೆ. ಬೆಲ್ಲಮಿ ಗೊಂಬೆಗಳನ್ನು ಬರೆಯಲಿಲ್ಲ, ಮನುಷ್ಯರನ್ನು ಬರೆದ. ಮರುಮುದ್ರಣವಾದ ಸಂಕಲನಗಳೂ ಇವೆ.

ಪ್ರಶ್ನೆ: ‘ಥಂಡರ್‌ಬರ್ಡ್ಸ್’ ಕಥೆ ನಡೆಯುವುದು 2026ರಲ್ಲಾ, 2065ರಲ್ಲಾ? ಮನೆಯಲ್ಲಿ ಜಗಳ ಆಗಿದೆ. (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಇಬ್ಬರ ಹತ್ತಿರವೂ ಸಾಕ್ಷಿ ಇದೆ. ಕ್ರಿಸ್‌ಮಸ್ ಬಗ್ಗೆ ಇರುವ ಕೊನೆಯ ಕಂತಿನಲ್ಲಿ ಒಂದು ಕ್ಯಾಲೆಂಡರ್ ಕಾಣುತ್ತದೆ, ಅದರಲ್ಲಿ 2026 ಅಂತಲೇ ಇದೆ. ಪತ್ರಿಕೆಯ ಲೆಕ್ಕ ಮಾತ್ರ 2060ರ ದಶಕ. ಸೆಟ್‌ನಲ್ಲಿ ಸುಮ್ನೆ ನೇತುಹಾಕಿದ ಒಂದು ಕ್ಯಾಲೆಂಡರ್‌ಗಿಂತ, ವಾರ ವಾರ ತಾರೀಖು ಹಾಕಿ ಅಚ್ಚು ಮಾಡಿದ ಪತ್ರಿಕೆಯನ್ನೇ ನಾನು ನಂಬುತ್ತೇನೆ. 2065 ಅಂದವರಿಗೆ ಗೆಲುವು ಅಂತ ಮನೆಯಲ್ಲಿ ಹೇಳಿಬಿಡಿ.