ಜಗಲಿಯ ಮೇಲಿನ ಸ್ಕಾಟ್ಲೆಂಡ್

"ನನಗೀಗ 66 ವರ್ಷ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಒಳಗೆ ನಮ್ಮ ಮನೆ. ಯಜಮಾನರು ತೀರಿಕೊಂಡು ಆರು ವರ್ಷ ಆಯಿತು. ದೊಡ್ಡ ಮಗ, ಸೊಸೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹದಿನೈದು ವರ್ಷದಿಂದ ಇದ್ದಾರೆ. ಅವನಿಗೆ ಬ್ಯಾಂಕಿನ ಕೆಲಸ, ಅವಳು ಆಸ್ಪತ್ರೆಯಲ್ಲಿ ನರ್ಸ್. ಚಿಕ್ಕವನು ನನ್ನ ಜೊತೆ ಇದ್ದು ತೋಟ ನೋಡಿಕೊಳ್ಳುತ್ತಾನೆ. ಮಗಳನ್ನು ಕೊಪ್ಪದ ಕಡೆ ಕೊಟ್ಟಿದ್ದೇವೆ. ಮೊಮ್ಮಕ್ಕಳಿಗೆ ರಜೆ ಅಂತ ದೊಡ್ಡವರು ಬಂದು ಮೂರು ವಾರ ಆಯಿತು. ಮಳೆ ಬಿಡುವು ಕೊಟ್ಟಿಲ್ಲ, ಎಲ್ಲರೂ ಜಗಲಿಯಲ್ಲೇ. ರಾತ್ರಿಯಾದರೆ ಗಂಡ ಹೆಂಡತಿಗೆ ಚರ್ಚೆ ಶುರು. ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕು ಅಂತ ಅವಳು, ಆಗಬಾರದು ಅಂತ ಇವನು. ದನಿ ಏರುತ್ತದೆ. ಒಂದು ಗಂಟೆ ಕಳೆದ ಮೇಲೆ 'ಉಳಿದಿದ್ದು ನಾಳೆ' ಅಂತ ನಗುತ್ತಾ ಎದ್ದು ಹೋಗುತ್ತಾರೆ. ನಿದ್ದೆ ಬಾರದವಳು ನಾನು. ಅವಳು ಗಂಡನಿಗೆ ಮಾತಿಗೆ ಮಾತು ಕೊಡುವುದನ್ನು ಕೆಲಸದವರೂ ಕೇಳುತ್ತಾರೆ. ಮೊನ್ನೆ ಚಿಕ್ಕವನು ತೋಟಕ್ಕೆ ಔಷಧಿ ಹೊಡೆಸಿ ಬಂದು ಊಟಕ್ಕೆ ಕೂತಿದ್ದ. 'ಬೇರೆ ಹೋಗಿ ಉದ್ಧಾರ ಆದವರು ಯಾರಿದ್ದಾರೆ ಹೇಳು' ಅಂತ ದೊಡ್ಡವನು ಹೆಂಡತಿಗೆ ಹೇಳಿದ. ಚಿಕ್ಕವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಹೋದ ವರ್ಷ ಅವನು ಪಾಲಿನ ಮಾತು ಎತ್ತಿದ್ದ, ಅಣ್ಣ ಬರಲಿ ಅಂದಿದ್ದೆ. ಈಗ ಅತ್ತಿಗೆಯ ಮಾತು ಕೇಳಿ ಅವನ ತಲೆ ಕೆಡುತ್ತಿದೆಯೇನೋ ಅಂತ ಭಯ. ಸೊಸೆಗೆ ಸುಮ್ಮನಿರು ಎಂದು ಹೇಳಲೇ? ಆಗಸ್ಟ್ ಮೊದಲ ವಾರ ಹೊರಡುತ್ತಾರೆ."

ಅಮ್ಮ, ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಸೊಸೆಗೆ ಸುಮ್ಮನಿರು ಎಂದು ಹೇಳಬೇಡಿ. ನಿಮ್ಮ ಮಗ ಹಾಗೆ ಕೇಳಿಲ್ಲ. "ಉಳಿದಿದ್ದು ನಾಳೆ" ಎಂದು ನಗುತ್ತಾ ಏಳುವ ಗಂಡ ಹೆಂಡತಿಯ ಬಗ್ಗೆ ನಿಮಗೆ ಭಯ ಬೇಡ. ನನ್ನ ಬಳಿಗೆ ಬರುವ ಪತ್ರಗಳಲ್ಲಿ ಮಾತು ನಿಂತುಹೋದ ಮನೆಗಳೇ ಹೆಚ್ಚು. ಒಂದೇ ಸೂರಿನಡಿ ಇದ್ದು, ಊಟಕ್ಕೆ ಕರೆಯಲು ಮಗುವನ್ನು ಕಳಿಸುವ ಗಂಡ ಹೆಂಡಿರ ಕತೆ ಓದಿ ಓದಿ ಸಾಕಾಗಿದೆ. ನಿಮ್ಮ ಜಗಲಿಯಲ್ಲಿ ರಾತ್ರಿ ಕೇಳುವುದು ಅದಲ್ಲ.

ಅವರು ಯಾವುದರ ಬಗ್ಗೆ ಅಷ್ಟು ಬಿಸಿಯಾಗುತ್ತಾರೆ ಎಂದು ತಿಳಿದರೆ ನಿಮಗೆ ಅರ್ಧ ಸಮಾಧಾನವಾದೀತು. ಸ್ಕಾಟ್ಲೆಂಡ್ ಮೊದಲು ಬೇರೆಯದೇ ರಾಜ್ಯವಾಗಿತ್ತು. 1707ರಲ್ಲಿ ಇಂಗ್ಲೆಂಡಿನ ಜೊತೆ ಸೇರಿತು. ಮುನ್ನೂರು ವರ್ಷ ಕಳೆದ ಮೇಲೆ, 2014ರ ಸೆಪ್ಟೆಂಬರ್ 18ರಂದು, "ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ?" ಎಂದು ಅಲ್ಲಿನ ಜನರನ್ನೇ ಕೇಳಿದರು. 16 ವರ್ಷದ ಮಕ್ಕಳಿಗೂ ಮತ ಕೊಟ್ಟರು. ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ನೆಲೆಸಿದವರಿಗೂ, ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಮತವಿತ್ತು. ಎಂದರೆ ನಿಮ್ಮ ಮಗನಿಗೂ ಸೊಸೆಗೂ ಇದು ದೂರದಿಂದ ನೋಡಿದ ಸುದ್ದಿಯಲ್ಲ. ಅವರ ಕೈಯಲ್ಲೂ ಒಂದೊಂದು ಚೀಟಿ ಇತ್ತು. ನೂರಕ್ಕೆ 84ಕ್ಕಿಂತ ಹೆಚ್ಚು ಮತದಾರರು ಬಂದು ಮತ ಹಾಕಿದರು. ಶೇಕಡಾ 55ರಷ್ಟು ಜನ ಬೇಡ ಎಂದರು, 45ರಷ್ಟು ಜನ ಬೇಕು ಎಂದರು.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. 2014ರಲ್ಲಿ ಕೂಡಿ ಇರಬೇಕೆಂದವರು ಹೇಳುತ್ತಿದ್ದ ಒಂದು ಮುಖ್ಯ ಮಾತು, ಬ್ರಿಟನ್ ಬಿಟ್ಟರೆ ಯೂರೋಪಿನ ಒಕ್ಕೂಟವೂ ಕೈತಪ್ಪುತ್ತದೆ ಎನ್ನುವುದು. ಎರಡೇ ವರ್ಷಕ್ಕೆ, 2016ರ ಜೂನ್‌ನಲ್ಲಿ, ಇಡೀ ಬ್ರಿಟನ್ನೇ ಯೂರೋಪಿನ ಒಕ್ಕೂಟ ಬಿಡುವ ತೀರ್ಮಾನ ಮಾಡಿತು. ಬಿಡೋಣ ಎಂದವರು ಶೇಕಡಾ 52. ಸ್ಕಾಟ್ಲೆಂಡಿನಲ್ಲಿ ಮಾತ್ರ ಶೇಕಡಾ 62 ಜನ ಇರೋಣ ಎಂದಿದ್ದರು. ಅವರ ಮಾತು ದೊಡ್ಡ ಲೆಕ್ಕದಲ್ಲಿ ಮುಳುಗಿತು. ಯೂರೋಪಿನಿಂದ ಬ್ರಿಟನ್ನಿಗೆ ಕೆಲಸಕ್ಕೆ ಬರುವ ನರ್ಸುಗಳು ಆಮೇಲೆ ಬಹಳ ಕಡಿಮೆಯಾದರು. ಆಸ್ಪತ್ರೆಯಲ್ಲಿ ದುಡಿಯುವ ನಿಮ್ಮ ಸೊಸೆ ಅದನ್ನು ಡ್ಯೂಟಿಯ ಪಟ್ಟಿಯಲ್ಲೇ ಕಂಡಿರುತ್ತಾಳೆ. ಇನ್ನು ಬ್ಯಾಂಕಿನಲ್ಲಿರುವ ಮಗ. 2014ರಲ್ಲಿ ದೊಡ್ಡ ಬ್ಯಾಂಕುಗಳು ಮುಖ್ಯ ಕಚೇರಿಯನ್ನೇ ಲಂಡನ್ನಿಗೆ ಸಾಗಿಸುವ ಮಾತಾಡಿದ್ದವು. ಬೇರೆಯಾದರೆ ಯಾವ ನಾಣ್ಯ, ಪಿಂಚಣಿಯ ಹೊಣೆ ಯಾರದು, ಮಾಲಿನ ದೊಡ್ಡ ಭಾಗವನ್ನು ಕೊಳ್ಳುವ ಇಂಗ್ಲೆಂಡಿಗೂ ತಮಗೂ ನಡುವೆ ಗಡಿಗೇಟು ಬಂದರೆ ಗತಿಯೇನು ಎನ್ನುವುದು ಅವನ ಚಿಂತೆ ಇರಬೇಕು. ಇಬ್ಬರದೂ ಅನ್ನ ಕೊಡುವ ಕೆಲಸದಿಂದ ಹುಟ್ಟಿದ ಮಾತು. ಹಟವಲ್ಲ.

ನಮ್ಮ ಮಲೆನಾಡಿಗೂ ಇಂಥ ಚರ್ಚೆ ಹೊಸದಲ್ಲ, ಅಮ್ಮ. ನಿಮ್ಮ ಮಾವನವರ ಕಾಲದವರಿಗೆ ನೆನಪಿದ್ದಿರಬೇಕು. 1955ರಲ್ಲಿ, ರಾಜ್ಯಗಳ ಗಡಿಯನ್ನು ಹೊಸದಾಗಿ ಗೊತ್ತುಮಾಡಲು ನೇಮಿಸಿದ್ದ ಫಜಲ್ ಅಲಿ ಆಯೋಗದ ವರದಿ ಬಂದಾಗ ಶಿವಮೊಗ್ಗ ಜಿಲ್ಲೆ ಹಳೆಯ ಮೈಸೂರು ರಾಜ್ಯದಲ್ಲಿತ್ತು. ಮುಂಬೈ, ಹೈದರಾಬಾದ್ ಸೀಮೆಯ ಕನ್ನಡಿಗರೊಂದಿಗೆ ಸೇರಿ ಒಂದೇ ರಾಜ್ಯವಾಗಬೇಕೋ, ಮೈಸೂರು ತನ್ನ ಪಾಡಿಗೆ ತಾನಿರಬೇಕೋ ಎಂದು ಮನೆಮನೆಯಲ್ಲೂ ಎರಡು ಪಕ್ಷ. ನನ್ನ ಅಜ್ಜಯ್ಯ ಬೇಡ ಎನ್ನುವ ಪಕ್ಷ. ಜೋಗದ ಕರೆಂಟು ನಮ್ಮದು, ಭದ್ರಾವತಿಯ ಕಾರ್ಖಾನೆ ನಮ್ಮದು, ಕಟ್ಟಿಕೊಂಡಿದ್ದನ್ನು ಯಾಕೆ ಹಂಚಬೇಕು ಎನ್ನುವ ವಾದ. ಅವರ ಗೆಳೆಯರೊಬ್ಬರು, ಹೊಳೆಯಾಚೆಯವರು, ಏಕೀಕರಣದ ಪಕ್ಷ. ಭಾಷೆ ಒಂದೇ ಆದಮೇಲೆ ಬೇಲಿ ಯಾಕೆ ಎನ್ನುತ್ತಿದ್ದರು. ಕೊನೆಗೆ 1956ರ ನವೆಂಬರ್ 1ಕ್ಕೆ ಎಲ್ಲವೂ ಕೂಡಿತು. ಅದಕ್ಕೆ ಮುಂಚಿನ ಎರಡೂವರೆ ತಿಂಗಳು ಮೈಸೂರಿನ ಮುಖ್ಯಮಂತ್ರಿಯಾಗಿದ್ದವರು ನಿಮ್ಮ ತೀರ್ಥಹಳ್ಳಿ ಕಡೆಯ ಕಡಿದಾಳ್ ಮಂಜಪ್ಪನವರೇ.

ನಾನು ಹುಟ್ಟಿದ್ದು ಆಮೇಲೆ. ಆದರೆ ಆ ಇಬ್ಬರ ವಾದ ನಾನು ಶಾಲೆಗೆ ಹೋಗುವವರೆಗೂ ನಡೆದಿತ್ತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದಾಗ ಮತ್ತೊಂದು ಸುತ್ತು ಹೊತ್ತಿಕೊಂಡಿತು. ಅವರು ವಾದಿಸುವುದನ್ನು ನಾನು ಕಂಬಕ್ಕೆ ಒರಗಿ ನೋಡುತ್ತಿದ್ದೆ. ನಡುವೆ ಕವಳದ ಹರಿವಾಣ. ಅಜ್ಜಯ್ಯ ಮಾತಾಡುವಾಗ ಗೆಳೆಯರು ಅಡಕತ್ತರಿಯಲ್ಲಿ ಅಡಿಕೆಯನ್ನು ಹೋಳು ಮಾಡಿ, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ ಮಡಚುವರು. ಮಡಚಿದ್ದನ್ನು ತಾವು ಹಾಕಿಕೊಳ್ಳದೆ ಅಜ್ಜಯ್ಯನ ಕೈಗೆ ಕೊಡುವರು. ಕವಳ ಬಾಯಿಗೆ ಬಿದ್ದಮೇಲೆ ಅಜ್ಜಯ್ಯ ಮಾತಾಡುವಂತಿಲ್ಲ. ಅದು ರಸವಾಗಿ ಅಂಗಳದಂಚಿಗೆ ಹೋಗಿ ಉಗುಳುವವರೆಗೆ ಮಾತು ಗೆಳೆಯರದ್ದು. ಆಮೇಲೆ ಅಜ್ಜಯ್ಯ ಅವರಿಗೊಂದು ಕವಳ ಮಡಚಿ ಕೊಡಬೇಕು. ಈ ಕಟ್ಟಳೆಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಅಜ್ಜಯ್ಯ ತೀರಿಕೊಂಡ ದಿನ ಆ ಗೆಳೆಯರು ತುಂಬಿದ ತುಂಗೆಯನ್ನು ದೋಣಿಯಲ್ಲಿ ದಾಟಿ ಬಂದಿದ್ದರು. ಜಗಲಿಯಲ್ಲಿ ಕೂತು ಹರಿವಾಣವನ್ನು ಹತ್ತಿರಕ್ಕೆ ಎಳೆದುಕೊಂಡರು, ಎಲೆ ಮುಟ್ಟಲಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಸೊಸೆಯ ಮಾತಲ್ಲ, ಚಿಕ್ಕ ಮಗನ ಅರ್ಧ ಊಟ.

ದೊಡ್ಡ ಮಗ ಸೊಸೆ ಅಲ್ಲಿ ಈ ಚರ್ಚೆಯನ್ನು ಇಂಗ್ಲಿಷಿನಲ್ಲಿ ಮಾಡುತ್ತಾರೆ. ಅಲ್ಲಿ ಆ ಮಾತುಗಳಿಗೆ ದೇಶ, ಸರ್ಕಾರ, ಕಾಯಿದೆಯ ಅರ್ಥ ಮಾತ್ರ. ಇಲ್ಲಿ ನಿಮ್ಮ ಜಗಲಿಗೆ ಬಂದು ಕನ್ನಡದಲ್ಲಿ ಅದನ್ನೇ ಹೇಳುವಾಗ ಬಾಯಿಗೆ ಬರುವುದು ಬೇರೆ ಹೋಗುವುದು, ಒಟ್ಟಿಗಿರುವುದು, ಪಾಲು, ಹಕ್ಕು, ದೊಡ್ಡಮನೆ. ಮಲೆನಾಡಿನ ಒಂದು ಅಡಿಕೆ ಮನೆಯಲ್ಲಿ ಈ ಮಾತುಗಳನ್ನು ಸ್ಕಾಟ್ಲೆಂಡಿನ ಬಗ್ಗೆ ಎಂದು ಯಾರು ಕೇಳಿಸಿಕೊಳ್ಳುತ್ತಾರೆ? ಹೋದ ವರ್ಷ ಪಾಲು ಕೇಳಿ, ಅಣ್ಣಯ್ಯ ಬರಲಿ ಎಂಬ ಉತ್ತರ ಪಡೆದು, ಒಂದು ವರ್ಷ ಕಾದು ಕೂತವನು ನಿಮ್ಮ ಚಿಕ್ಕ ಮಗ. ಅಣ್ಣಯ್ಯ ಬಂದ. ಮೂರು ವಾರವಾದರೂ ಅವನನ್ನು ಕರೆದು ಕೂರಿಸಿ ಯಾರೂ ಮಾತಾಡಲಿಲ್ಲ. ಬದಲಿಗೆ, ಔಷಧಿಗೆ ಬೆರೆಸುವ ಮೈಲುತುತ್ತದ ನೀಲಿ ಉಗುರಿನಿಂದ ಬಿಡದ ಕೈಯಲ್ಲಿ ಅನ್ನ ಕಲಸುತ್ತಿರುವಾಗ, "ಬೇರೆ ಹೋಗಿ ಉದ್ಧಾರ ಆದವರು ಯಾರಿದ್ದಾರೆ" ಎಂಬ ಮಾತು ಕಿವಿಗೆ ಬಿತ್ತು. ಅದು ತನಗೇ ಅಂದದ್ದೆಂದು ಅವನು ತಿಳಿದ. ದೊಡ್ಡವನಿಗೆ ಇದರ ಸುಳಿವೂ ಇರಲಿಕ್ಕಿಲ್ಲ. ಇದ್ದರೆ ಅವನೂ ಆ ರಾತ್ರಿ ಉಣ್ಣುತ್ತಿರಲಿಲ್ಲ.

ಸೊಸೆ ಅವನ ತಲೆ ಕೆಡಿಸುತ್ತಿದ್ದಾಳೆ ಎಂಬ ಗುಮಾನಿ ಬಿಟ್ಟುಬಿಡಿ. ಅವಳು ಬರುವ ಮುಂಚೆಯೇ ಅವನು ಕೇಳಿದ್ದಾನೆ. ಯಾಕೆ ಕೇಳಿದ ಎಂದು ನೀವು ವಿಚಾರಿಸಿದ್ದೀರಾ? ಅಡಿಕೆಯ ಕೊಳೆ ರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ದಿನಕ್ಕೆ ಮತ್ತೊಮ್ಮೆ ಔಷಧಿ ಹೊಡೆಸಬೇಕು. ಅದಕ್ಕೆ ಮಳೆಯ ನಡುವೆ ಬಿಸಿಲಿನ ತುಣುಕು ಸಿಗಬೇಕು, ಅದೇ ಹೊತ್ತಿಗೆ ಮರ ಹತ್ತುವವರು ಸಿಗಬೇಕು. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬೇರೆ. ಪಹಣಿ ಇನ್ನೂ ಯಜಮಾನರ ಹೆಸರಿನಲ್ಲೇ ಇದ್ದರೆ ಸೊಸೈಟಿ ಸಾಲಕ್ಕೂ ಬೆಳೆ ವಿಮೆಗೂ ಅವನು ಪ್ರತಿ ಸಲ ಪರದಾಡಬೇಕು. ಆರು ವರ್ಷವಾಯಿತು ಎನ್ನುತ್ತೀರಿ, ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯಾದರೂ ಮಾಡಿಸಿದ್ದೀರಾ? ಅವನು ಕೇಳುತ್ತಿರುವುದು ಮನೆ ಒಡೆಯುವುದನ್ನೇ ಎಂದು ನನಗೆ ಅನ್ನಿಸುವುದಿಲ್ಲ. ದುಡಿಯುವ ನೆಲಕ್ಕೆ ತನ್ನ ಹೆಸರಿರಲಿ ಎಂದಷ್ಟೇ ಇದ್ದರೂ ಇರಬಹುದು. ಅಥವಾ ನಿಜಕ್ಕೂ ಬೇರೆ ಒಲೆ ಹೂಡುವ ಆಸೆಯೇ ಇರಬಹುದು. ಯಾವುದು ಎಂದು ಅವನ ಬಾಯಿಂದಲೇ ಕೇಳಬೇಕು. ಬೇರೆ ಒಲೆ ಎಂದರೂ, ಅಮ್ಮ, ನೀವು ಅದನ್ನು ಕೇಳಿಸಿಕೊಳ್ಳುವಷ್ಟು ಗಟ್ಟಿಯಾಗಬೇಕು.

ಇಲ್ಲಿ ಸ್ಕಾಟ್ಲೆಂಡಿನವರಿಂದಲೇ ಒಂದು ಮಾತು ಎತ್ತಿಕೊಳ್ಳುತ್ತೇನೆ. 2014ರ ಮತದಾನಕ್ಕೆ ಸುಮಾರು ಎರಡು ವರ್ಷ ಮುಂಚೆ, 2012ರ ಅಕ್ಟೋಬರ್‌ನಲ್ಲಿ, ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಮತ್ತು ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಎಡಿನ್‌ಬರೋದಲ್ಲಿ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಮತದಾನ ಹೇಗೆ ನಡೆಯಬೇಕು ಎಂಬುದರ ಜೊತೆಗೆ, ಫಲಿತಾಂಶ ಏನೇ ಬಂದರೂ ಎರಡೂ ಸರ್ಕಾರ ಗೌರವಿಸಬೇಕು ಎಂದು ಅದರಲ್ಲಿತ್ತು. ಬೇರೆಯಾದರೆ ಏನು ಮಾಡುತ್ತೇವೆ ಎಂದು ಸ್ಕಾಟ್ಲೆಂಡ್ ಸರ್ಕಾರ 600ಕ್ಕೂ ಹೆಚ್ಚು ಪುಟ ಬರೆದು ಜನರ ಮುಂದಿಟ್ಟಿತು. ಅದರ ಲೆಕ್ಕಾಚಾರವನ್ನು ಒಪ್ಪದವರೂ ಓದಿ ಜಗಳವಾಡಲಾದರೂ ಅದು ಕೈಯಲ್ಲಿತ್ತು. ಮತದಾನ ಮುಗಿದ ಭಾನುವಾರ ಎಡಿನ್‌ಬರೋದ ಸೇಂಟ್ ಜೈಲ್ಸ್ ಇಗರ್ಜಿಯಲ್ಲಿ ಎರಡೂ ಕಡೆಯ ನಾಯಕರು ಒಟ್ಟಿಗೆ ಪ್ರಾರ್ಥನೆಗೆ ಕೂತರು. 2016ರಲ್ಲಿ ಬ್ರಿಟನ್ ಯೂರೋಪನ್ನು ಬಿಡುವಾಗ ಇಂಥ ತಯಾರಿ ಇರಲಿಲ್ಲ. ಬಿಡುವುದು ಎಂದರೆ ಏನೇನು ಬಿಡುವುದು ಎಂದು ತೀರ್ಮಾನಿಸದೆ ಮತ ಹಾಕಿಸಿದರು. ಆಮೇಲೆ ಮೂರೂವರೆ ವರ್ಷ ಎಳೆದಾಡಿ 2020ರ ಜನವರಿ 31ಕ್ಕೆ ಹೊರಬಿದ್ದರು.

ದೇಶಗಳ ವಿಷಯದಲ್ಲಿ ಯಾರ ಪಕ್ಷ ಸರಿ ಎಂದು ನಾನು ಹೇಳಲು ಹೊರಟಿಲ್ಲ. ನಿಮ್ಮ ಮನೆಯ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಸ್ಪಷ್ಟವಾಗಿದೆ. ಕೂಡಿ ಇರುವುದೋ ಬೇರೆಯಾಗುವುದೋ ಎಂಬ ಪ್ರಶ್ನೆಯನ್ನು ಆಮೇಲೆ ಕೇಳಿ. ಯಾವುದು ಹಂಚಿಕೆಯಾಗಬೇಕು, ಯಾವುದು ಸಾಮಾನ್ಯವಾಗಿ ಉಳಿಯಬೇಕು, ನೀವು ಯಾರ ಜೊತೆ ಇರುತ್ತೀರಿ, ದೇವರ ಕೆಲಸ ಯಾರ ಮನೆಯಲ್ಲಿ, ತೋಟದ ನೀರು ಹೇಗೆ, ಚಿಕ್ಕವನ ಇಷ್ಟು ವರ್ಷದ ದುಡಿಮೆಗೆ ಏನು ಲೆಕ್ಕ, ಇವನ್ನೆಲ್ಲ ಮೊದಲು ಬರೆದಿಟ್ಟುಕೊಳ್ಳಿ. ಪಾಲುಪಟ್ಟಿ ಮಾಡುವುದಾದರೆ ಬಾಯಿಮಾತಿನಲ್ಲಿ ಬೇಡ, ನೋಂದಣಿ ಆಗಲಿ. ದೊಡ್ಡವನು ಊರಿನಲ್ಲಿರುವಾಗಲೇ ಒಬ್ಬ ವಕೀಲರನ್ನು ಎಲ್ಲರೂ ಒಟ್ಟಿಗೆ ಕಾಣಿರಿ, ಗುಟ್ಟಾಗಿ ಒಬ್ಬೊಬ್ಬರೇ ಹೋಗುವುದು ಬೇಡ.

ಅದಕ್ಕೂ ಮುಂಚೆ ಒಂದು ಸಣ್ಣ ಕೆಲಸ ನಿಮ್ಮಿಂದಲೇ ಆಗಬೇಕು. ದೊಡ್ಡವನನ್ನು ಒಬ್ಬನೇ ಇರುವಾಗ, ಬಚ್ಚಲ ಒಲೆಯ ಹತ್ತಿರವೋ ಎಲ್ಲೋ, ಕರೆದು ಹೇಳಿ: "ಮೊನ್ನೆ ನೀನು ಆ ದೇಶದ್ದು ಹೇಳಿದ್ದು ತಮ್ಮನಿಗೆ ತಾಗಿದೆ. ಅವನು ಪಾಲು ಕೇಳಿದ್ದ. ನಿನಗೆ ತಿಳಿಸದೆ ಇದ್ದವಳು ನಾನು." ಈ ಕೊನೆಯ ಮಾತನ್ನು ಬಿಡಬೇಡಿ. ವರ್ಷದ ಹಿಂದೆ ಚಿಕ್ಕವನಿಗೆ ಅಣ್ಣ ಬರಲಿ ಎಂದು ಹೇಳಿದಾಗ ನಿಮಗೂ ಭಯವಿತ್ತು, ಅದು ತಪ್ಪಲ್ಲ. ಅಣ್ಣ ತಾನಾಗಿ ಹೋಗಿ ತಮ್ಮನ ಜೊತೆ ತೋಟ ಸುತ್ತಿ ಬರಲಿ. ಆಮೇಲೆ ರಾತ್ರಿಯ ಚರ್ಚೆಗೆ ಚಿಕ್ಕವನನ್ನೂ ಕೂರಿಸಿಕೊಳ್ಳಲಿ. ಸ್ಕಾಟ್ಲೆಂಡಿನ ಬಗ್ಗೆ ಅವನು ಯಾರ ಪಕ್ಷ ಹಿಡಿಯುತ್ತಾನೆ ಎಂದು ಕೇಳಲು ನನಗೇ ಕುತೂಹಲ. ಹಗಲಿನಲ್ಲಿ ಪಾಲಿನ ಮಾತು ಬಿಚ್ಚಿ ಆಡಿದರೆ, ರಾತ್ರಿಯ ಮಾತು ಮತ್ತೆ ಆ ದೇಶದ್ದು ಮಾತ್ರ ಆಗುತ್ತದೆ.

ಇನ್ನೊಂದು. ಮಗಳ ಬಗ್ಗೆ ನೀವು ಬರೆದಿದ್ದು ಒಂದೇ ಸಾಲು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಗಂಡುಮಕ್ಕಳಷ್ಟೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟ್ ಅದು ಹುಟ್ಟಿನಿಂದಲೇ ಬಂದ ಹಕ್ಕು ಎಂದು ಸ್ಪಷ್ಟ ಮಾಡಿದೆ. ಯಜಮಾನರ ಪಾಲಿನಲ್ಲಿ ನಿಮಗೂ ಹಕ್ಕಿದೆ. ಅವಳು ಬೇಡ ಎನ್ನಬಹುದು, ಬೇಕು ಎನ್ನಬಹುದು. ಅವಳ ಪರವಾಗಿ ಅಣ್ಣತಮ್ಮಂದಿರು ಹೇಳುವುದು ಬೇಡ. ಇವತ್ತೇ ಫೋನ್ ಮಾಡಿ, ಭಾನುವಾರ ಬೆಳಗಿನ ಬಸ್ಸಿಗೆ ಬಾ ಎನ್ನಿ. ಕೊಪ್ಪದಿಂದ ಎಷ್ಟು ದೂರ, ಹತ್ತು ಗಂಟೆಯ ಕಾಫಿಗೆ ಮನೆಯಲ್ಲಿರುತ್ತಾಳೆ.