ಸೈಜುಗಲ್ಲಿನ ಜರೀಗಿಡ

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ: ಕೊಟ್ಟಿಗೆಯ ಅಡಿಪಾಯಕ್ಕೆ ತರಿಸಿದ ಸೈಜುಗಲ್ಲನ್ನು ಒಡೆದಾಗ, ಸೀಳಿದ ಮುಖದ ಮೇಲೆ ಅಂಗೈಯಗಲದ ಕಪ್ಪು ಜರೀಗಿಡದ ಚಿತ್ರ ಕಂಡಿತು. ಇದು ಪಳೆಯುಳಿಕೆಯೇ? ಲಕ್ಷಗಟ್ಟಲೆ ಬೆಲೆ ಬಾಳುತ್ತದೆ ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ. ಗದ್ದೆಯಲ್ಲಿ ಸಿಕ್ಕ, ಬೆರಳಿನ ಮೂಳೆಯಂಥ ಇನ್ನೊಂದು ವಸ್ತುವಿನ ಫೋಟೋವನ್ನೂ ಕಳಿಸಿದ್ದೇನೆ.

ಸಂಪಾದಕರ ಉತ್ತರ:

ನಿಮ್ಮ ಫೋಟೋಗಳಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಜರೀಗಿಡದ್ದಲ್ಲ, ಹತ್ತು ರೂಪಾಯಿ ನಾಣ್ಯವನ್ನಿಟ್ಟು ಕಲ್ಲಿನ ಅಂಚನ್ನು ತೆಗೆದದ್ದು. ಅದರಲ್ಲಿ ಬಿಳಿ ಮತ್ತು ಬೂದು ಪಟ್ಟೆಗಳು ಅಂಕುಡೊಂಕಾಗಿ ಹರಿದಿವೆ, ನಡುನಡುವೆ ಕಾಗೆಬಂಗಾರ ಮಿನುಗುತ್ತಿದೆ. ಇದು ನೀಸ್ ಶಿಲೆ. ಮಂಡ್ಯ, ಮೈಸೂರು ಸೀಮೆಯ ನೆಲದಡಿ ಬಹುಪಾಲು ಇರುವುದು ಇದೇ. ವಯಸ್ಸು ಸುಮಾರು 300 ಕೋಟಿ ವರ್ಷ. ನೆಲದ ಮೇಲೆ ಮೊದಲ ಗಿಡಗಳು ಕಾಣಿಸಿಕೊಂಡದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ, ಜರೀಗಿಡ ಬಂದದ್ದು ಇನ್ನೂ ತಡವಾಗಿ. ಅಲ್ಲದೆ ನೀಸ್ ಎಂಬುದು ಭೂಮಿಯ ಆಳದಲ್ಲಿ ಬೆಂದು, ಹಿಂಡಿಸಿಕೊಂಡು ಬಂದ ಕಲ್ಲು. ಅಂಥ ಕುಲುಮೆಯಲ್ಲಿ ಎಲೆಯ ಗುರುತು ಉಳಿಯುವುದಿಲ್ಲ.

ಹಾಗಾದರೆ ಆ ಚಿತ್ರ ಬರೆದವರು ಯಾರು? ನೀರು. ನಿಮ್ಮ ಸುತ್ತಿಗೆ ಹೊಸ ಸೀಳನ್ನು ಮಾಡಲಿಲ್ಲ, ಮೊದಲೇ ಇದ್ದ ಕೂದಲೆಳೆಯ ಬಿರುಕನ್ನು ತೆರೆಯಿತು. ಆ ಮುಖಕ್ಕೆ ಮಾತ್ರ ತುಕ್ಕಿನ ಛಾಯೆ ಇರುವುದನ್ನು ನೋಡಿ. ಬಿರುಕಿನೊಳಗೆ ಜಿನುಗಿದ ನೀರಿನಲ್ಲಿ ಕರಗಿದ್ದ ಮ್ಯಾಂಗನೀಸ್ ಆಕ್ಸೈಡಾಗಿ ಕೂರುತ್ತದೆ. ಕೂರುವಾಗ ಮುಂದೆ ಚಾಚಿದ ತುದಿಗೇ ಹೊಸ ಸರಕು ಮೊದಲು ಸಿಗುವುದರಿಂದ ತುದಿ ಬೆಳೆಯುತ್ತದೆ, ಹಿಂದಿನದು ಸೊರಗುತ್ತದೆ; ಟಿಸಿಲಿಗೆ ಟಿಸಿಲು ಒಡೆಯುತ್ತದೆ. ಇದಕ್ಕೆ ಡೆಂಡ್ರೈಟ್ ಎಂದು ಹೆಸರು. ಎರಡು ಗಾಜಿನ ತುಂಡುಗಳ ನಡುವೆ ಒಂದು ತೊಟ್ಟು ಗೋಂದನ್ನಿಟ್ಟು ಒತ್ತಿ, ಮೆಲ್ಲನೆ ಬಿಡಿಸಿ. ಕಾರಣ ಬೇರೆ, ಆದರೆ ಅಲ್ಲಿಯೂ ಇಂಥದೇ ಗಿಡ ಮೂಡುತ್ತದೆ. ಮಕ್ಕಳಿದ್ದರೆ ಅವರಿಂದಲೇ ಮಾಡಿಸಿ.

ಭೂತಗನ್ನಡಿ ಹಿಡಿದರೆ ಉಳಿದದ್ದೂ ಬಯಲಾಗುತ್ತದೆ. ಜರೀ ಎಲೆಗೆ ನಡುವೆ ದಂಟು, ಅದರ ಎರಡೂ ಕಡೆ ಕ್ರಮವಾಗಿ ಕಿರುಎಲೆ, ಎಲೆಯಲ್ಲಿ ನರ ಇರುತ್ತವೆ. ನಿಮ್ಮದರಲ್ಲಿ ಕವಲುಗಳು ಮನಸ್ಸಿಗೆ ಬಂದಂತೆ ಒಡೆದಿವೆ, ನರವಿಲ್ಲ. ಗಿಡಕ್ಕೆ ಬುಡ ಒಂದೇ; ಇವು ಎಡಮೂಲೆಯ ಗೆರೆಯುದ್ದಕ್ಕೂ ಬೇಲಿಯಂತೆ ಸಾಲಾಗಿ ಎದ್ದಿವೆ. ಒಂದು ಮೂಲೆಯನ್ನು ಸೂಜಿಯಿಂದ ಕೆರೆದರೆ ಮಸಿಯಂಥ ಪುಡಿ ಬರಬೇಕು.

ಮೂಳೆಯಂಥದ್ದು ಸುಣ್ಣದ ಗಂಟು ಇರಬೇಕು. ಮಣ್ಣಿನ ಸುಣ್ಣ ಬೇರಿನ ಸುತ್ತ ಕಟ್ಟಿಕೊಂಡರೆ ಬೆರಳಿನ ಆಕಾರ ತಾನಾಗಿ ಬರುತ್ತದೆ. ನಿಂಬೆರಸ ಹಾಕಿದರೆ ನೊರೆ ಏಳುತ್ತದೆ, ಆದರೆ ಅದೊಂದನ್ನೇ ನಂಬಬೇಡಿ; ಮುರಿದ ತುದಿಯನ್ನು ನೋಡಿ. ಮೂಳೆಯಾದರೆ ಒಳಗೆ ಸ್ಪಂಜಿನಂಥ ಜಾಲ, ಗಂಟಾದರೆ ಮಣ್ಣುಮಣ್ಣು, ನಡುವೆ ಬೇರು ಕೊಳೆತುಹೋದ ತೂತು.

ಲಕ್ಷದ ಮಾತನ್ನು ನೆಂಟರಿಗೇ ಬಿಡಿ. ನಿಜವಾದ ಪಳೆಯುಳಿಕೆ ಬೇಕಿದ್ದರೆ ದೇವರ ಪೆಟ್ಟಿಗೆಯಲ್ಲಿ ಹುಡುಕಿ: ನೇಪಾಳದ ಕಾಲಿಗಂಡಕಿಯ ಸಾಲಿಗ್ರಾಮದೊಳಗಿನ ಸುರುಳಿ ಅಮೊನೈಟ್ ಎಂಬ ಕಡಲಜೀವಿಯದು. (ಕೆ.ಆರ್. ನಗರದ ಪಕ್ಕದ ಸಾಲಿಗ್ರಾಮದಲ್ಲಿ ಸಿಗುವುದಿಲ್ಲ.) ನೋಡಲು ಹೋಗುವುದಾದರೆ ತಮಿಳುನಾಡಿನ ಅರಿಯಲೂರು ಅಮೊನೈಟ್‌ಗಳಿಗೆ ಹೆಸರಾದದ್ದು. ನಮ್ಮ ಹಳೆಯ ಶಿಲೆಗಳಲ್ಲಿ ಜೀವದ ಗುರುತೇ ಇಲ್ಲವೆಂದಲ್ಲ. ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಶಿಲೆಯಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ, 250 ಕೋಟಿ ವರ್ಷಕ್ಕೂ ಹಳೆಯವು. ಆದರೆ ಅವು ನೋಡಲು ಮಡಿಸಿಟ್ಟ ಕಂಬಳಿಯಂತೆ. ಯಾರೂ ಅದಕ್ಕೆ ಲಕ್ಷ ಹೇಳುವುದಿಲ್ಲ.

ನನ್ನ ಮಾತಿನಲ್ಲಿ ಅನುಮಾನವಿದ್ದರೆ ಕಲ್ಲನ್ನು ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗಕ್ಕೆ ಒಯ್ದು ತೋರಿಸಿ. ತೊಳೆಯಬೇಡಿ, ವಾರ್ನಿಷ್ ಬಳಿಯಬೇಡಿ. ಮೇಸ್ತ್ರಿ ಉಳಿದ ಕಲ್ಲುಗಳನ್ನು ಅಡಿಪಾಯಕ್ಕೆ ಇಳಿಸುವ ಮೊದಲು ಇದರ ಇನ್ನೊಂದು ಹೋಳನ್ನು ಹುಡುಕಿಸಿ. ಅದರ ಮೇಲೆ ಇದೇ ಚಿತ್ರ, ಕನ್ನಡಿಯಲ್ಲಿ ಕಂಡಂತೆ, ಎಡಬಲ ಅದಲುಬದಲಾಗಿ ಇರಬೇಕು. ಸಿಕ್ಕಿದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಫೋಟೋ ಕಳಿಸಿ.